ಎಲ್ಲವನ್ನೂ ನಾಚಿಕೆಯ ಲೆಕ್ಕಕ್ಕೆ ಬರೆಯಬೇಡಿ

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವಳು. ಅಲ್ಲಿ ನರ್ಸಿಂಗ್ ಮುಗಿಸಿ ಈಗ ಟೆಕ್ಸಸ್‌ನ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಹೊಂಡುರಾಸ್, ಗ್ವಾಟೆಮಾಲಾ ಮೂಲದವರು. ತಾಯಂದಿರು ಗರ್ಭಕಂಠದ ಕ್ಯಾನ್ಸರ್ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಗೆ ಬರುವುದಿಲ್ಲ, ಹುಡುಗಿಯರು ಬಸಿರಾದ ಮೇಲೆಯೇ ಬರುತ್ತಾರೆ, ಗಂಡಸರಂತೂ ಕಾಣಿಸುವುದೇ ಇಲ್ಲ. ‘ಅವರ ಸಂಸ್ಕೃತಿಯೇ ಹಾಗೆ, ಕ್ಯಾಥೊಲಿಕರು, ಇಂಥದ್ದನ್ನೆಲ್ಲ ಮಾತಾಡುವುದಿಲ್ಲ’ ಎನ್ನುತ್ತಾರೆ ಸಹೋದ್ಯೋಗಿಗಳು. ನಮ್ಮೂರಿನ ಹಾಗೆಯೇ ಅಲ್ಲವೇ ಎಂದು ನನಗೂ ಅನ್ನಿಸುತ್ತದೆ. ಈಗ ತಾಯಂದಿರಿಗೂ ಮಕ್ಕಳಿಗೂ ಲೈಂಗಿಕ ಆರೋಗ್ಯದ ತರಗತಿ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ, ಡಾಕ್ಟರೇ?

ಉತ್ತರ: ತರಗತಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಸಹೋದ್ಯೋಗಿಗಳ ಆ ಮಾತು. ಅದು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ನಂಬಿ ಕೂತರೆ ನಿಮ್ಮ ಕೈಗೆ ಮಾಡುವಂಥ ಕೆಲಸ ಏನೂ ಉಳಿಯುವುದಿಲ್ಲ.

ಒಂದು ಸಂಗತಿ ಗಮನಿಸಿ. ಎಚ್‌ಪಿವಿ ಲಸಿಕೆ ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಕಂಠದ ಕ್ಯಾನ್ಸರ್ ತರುವ ವೈರಾಣುವಿನ ವಿರುದ್ಧದ್ದು. ಅದನ್ನು ಕೊಡುವುದು 11–12 ವರ್ಷದ ಮಕ್ಕಳಿಗೆ. ನಾಚಿಕೆಯೇ ದೊಡ್ಡ ಅಡ್ಡಿಯಾಗಿದ್ದರೆ ಇದನ್ನು ಮೊದಲು ನಿರಾಕರಿಸಬೇಕಾದವರು ಈ ತಾಯಂದಿರೇ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ವರ್ಷಗಳಿಂದ ಕಾಣುತ್ತಿರುವುದು ಬೇರೆಯೇ. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದ) ಮಕ್ಕಳು ಈ ಲಸಿಕೆಯ ಮೊದಲ ಡೋಸ್ ಪಡೆಯುವುದರಲ್ಲಿ ಬಿಳಿಯರ ಮಕ್ಕಳಿಗಿಂತ ಹಿಂದಿಲ್ಲ, ಬಹಳ ಸಲ ಮುಂದೆಯೇ ಇದ್ದಾರೆ. ಅದೇ ತಾಯಂದಿರ ಸ್ವಂತ ವಿಷಯಕ್ಕೆ ಬಂದರೆ ಚಿತ್ರ ತಲೆಕೆಳಗು: ಗರ್ಭಕಂಠದ ಕ್ಯಾನ್ಸರ್ ಹಿಸ್ಪಾನಿಕ್ ಹೆಂಗಸರಲ್ಲಿ ಬಿಳಿಯ ಹೆಂಗಸರಿಗಿಂತ ಹೆಚ್ಚು. ಅದೇ ಮನೆ, ಅದೇ ಚರ್ಚು, ಅದೇ ನಾಚಿಕೆ. ವ್ಯತ್ಯಾಸ ಏನೆಂದರೆ ಮಗುವಿನ ಲಸಿಕೆಗೆ ದುಡ್ಡು ಕೇಳುವವರಿಲ್ಲ. ವಿಮೆ ಇಲ್ಲದ ಮಕ್ಕಳಿಗೂ ಉಚಿತ ಲಸಿಕೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 1994ರಿಂದ ನಡೆಯುತ್ತಿದೆ, ವೈದ್ಯರು ‘ಇವತ್ತು ಇದೂ ಇದೆ’ ಎಂದು ಹೇಳಿ ಚುಚ್ಚಿ ಕಳಿಸುತ್ತಾರೆ. ತಾಯಿಗೆ ಹಾಗೆ ಕರೆದು ಕೂರಿಸುವವರು ಯಾರೂ ಇಲ್ಲ.

ಹದಿಹರೆಯದ ಹೆರಿಗೆಗಳನ್ನೇ ನೋಡಿ. 1990ರ ದಶಕದ ಆರಂಭದಲ್ಲಿ 15ರಿಂದ 19 ವರ್ಷದ ಸಾವಿರ ಹಿಸ್ಪಾನಿಕ್ ಹುಡುಗಿಯರಲ್ಲಿ ವರ್ಷಕ್ಕೆ 100ಕ್ಕೂ ಹೆಚ್ಚು ಹೆರಿಗೆಗಳಾಗುತ್ತಿದ್ದವು. ಈಗ ಅದು 20ರ ಆಸುಪಾಸಿಗೆ ಇಳಿದಿದೆ. ಒಂದೇ ತಲೆಮಾರಿನಲ್ಲಿ ಐದರಲ್ಲಿ ನಾಲ್ಕು ಪಾಲು ಇಳಿದದ್ದನ್ನು ‘ಸಂಸ್ಕೃತಿ’ ಎಂಬ ಉತ್ತರ ವಿವರಿಸಲಾರದು. ದೇಶದ ಸರಾಸರಿಗಿಂತ ಇಂದಿಗೂ ಹೆಚ್ಚಿದೆ, ಒಪ್ಪಿದೆ. ಆ ಅಂತರದ ಮೇಲೆ ಕೆಲಸ ಮಾಡೋಣ, ಸ್ವಭಾವದ ಮೇಲಲ್ಲ.

ಇನ್ನು ‘ಅವರು’ ಎಂದರೆ ಯಾರು? ನಿಮ್ಮ ಕೇಂದ್ರದ ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತ ಮೆಕ್ಸಿಕೊದ ಹೆಂಗಸಿಗೂ ಹೊಂಡುರಾಸ್‌ನ ಹೆಂಗಸಿಗೂ ಈ ವಿಷಯದಲ್ಲಿ ಅಜಗಜಾಂತರ ಇರಬಹುದು. ಮೆಕ್ಸಿಕೊ 1974ರಲ್ಲೇ ತನ್ನ ಸಂವಿಧಾನದ 4ನೇ ವಿಧಿಯಲ್ಲಿ, ಎಷ್ಟು ಮಕ್ಕಳು ಬೇಕು, ಎಷ್ಟು ಅಂತರದಲ್ಲಿ ಬೇಕು ಎಂದು ಸ್ವತಂತ್ರವಾಗಿ, ತಿಳಿದು ನಿರ್ಧರಿಸುವ ಹಕ್ಕನ್ನು ಬರೆದುಕೊಂಡ ದೇಶ. ಅಲ್ಲಿನ ಸರ್ಕಾರಿ ಚಿಕಿತ್ಸಾಲಯದಲ್ಲಿ ಗರ್ಭ ತಡೆಯುವ ವಂಕಿ (ಕಾಪರ್-ಟಿಯಂಥದ್ದು) ಹಾಕಿಸಿಕೊಂಡು, ದುಡ್ಡಿಲ್ಲದೆ ಮಾತ್ರೆ ಪಡೆದು ಅಭ್ಯಾಸವಿದ್ದವಳು ಟೆಕ್ಸಸ್‌ಗೆ ಬಂದು ಅದಕ್ಕೇ ನೂರಾರು ಡಾಲರ್ ಬಿಲ್ ನೋಡಿ ಸುಮ್ಮನಾಗುತ್ತಾಳೆ. ನೀವು ಅದನ್ನು ‘ಮಾತಾಡುವುದಿಲ್ಲ’ ಎಂದುಕೊಳ್ಳುತ್ತೀರಿ. ಹೊಂಡುರಾಸ್‌ನಲ್ಲಾದರೆ ತುರ್ತು ಗರ್ಭನಿರೋಧಕ ಮಾತ್ರೆಯನ್ನೇ 2009ರಲ್ಲಿ ನಿಷೇಧಿಸಿ, ನಿಷೇಧ ತೆಗೆದದ್ದು 2023ರಲ್ಲಿ. ಅಲ್ಲಿಂದ ಬಂದ ಇಪ್ಪತ್ತೈದರ ಹುಡುಗಿಗೆ ಆ ಮಾತ್ರೆ ಕಾನೂನುಬಾಹಿರ ವಸ್ತುವಾಗಿಯೇ ಗೊತ್ತು. ಇಲ್ಲಿ ಔಷಧಿ ಅಂಗಡಿಯ ಕಪಾಟಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ ಎಂದು ಯಾರಾದರೂ ಹೇಳಬೇಕು. ಗ್ವಾಟೆಮಾಲಾದ ಎತ್ತರದ ಪ್ರದೇಶಗಳಿಂದ ಬಂದವರಲ್ಲಿ ಅನೇಕರ ಮನೆಮಾತು ಮಾಮ್, ಕಿಚೆ ಅಥವಾ ಕಾಂಜೊಬಾಲ್. ಸ್ಪ್ಯಾನಿಷ್ ಅವರಿಗೆ ಎರಡನೆಯ ಭಾಷೆ, ಕೆಲವರಿಗೆ ಅರ್ಧಂಬರ್ಧ ಭಾಷೆ. ನೀವು ಕೇಳಿದ್ದಕ್ಕೆಲ್ಲ ‘ಸಿ, ಸಿ’ (ಹೌದು, ಹೌದು) ಎಂದು ತಲೆಯಾಡಿಸಿದರೆಂದರೆ ಅರ್ಥವಾಯಿತು ಎಂದಲ್ಲ. ನೋಂದಣಿ ಫಾರಂನಲ್ಲಿ ‘ಸ್ಪ್ಯಾನಿಷ್’ ಎಂದು ಗುರುತು ಹಾಕುವ ಮೊದಲು ‘ಮನೆಯಲ್ಲಿ ಯಾವ ಮಾತು ಆಡುತ್ತೀರಿ’ ಎಂದು ಕೇಳುವ ಪದ್ಧತಿ ತನ್ನಿ.

ಗರ್ಭನಿರೋಧಕದ ಬಗ್ಗೆ ಕೇಳುವಾಗಲೂ ಬಿಡಿಸಿ ಕೇಳಿ. ‘ಇಂಜೆಕ್ಷನ್ ತಗೋತೀನಿ’ ಎಂದಾಗ ಇಲ್ಲಿನ ನರ್ಸ್ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಎಂದೇ ಬರೆದುಕೊಳ್ಳುತ್ತಾಳೆ. ಮೆಕ್ಸಿಕೊದ ಔಷಧಿ ಅಂಗಡಿಗಳಲ್ಲಿ ತಿಂಗಳಿಗೊಮ್ಮೆ ಚುಚ್ಚುವ ಬೇರೆ ಔಷಧವೂ ಸಿಗುತ್ತದೆ. ಗಡಿಯಾಚೆಯಿಂದ ತರಿಸಿ, ಗೊತ್ತಿದ್ದವರ ಕೈಲಿ ಚುಚ್ಚಿಸಿಕೊಳ್ಳುವವರು ಇದ್ದಾರೆ. ಈ ತಪ್ಪು ಲೆಕ್ಕದಲ್ಲೇ ಬಸಿರಾಗಿಬಿಡುತ್ತದೆ. ವಂಕಿ ಇದೆಯೇ ಎಂದೂ ಕೇಳಿ, ಯಾವಾಗ ಹಾಕಿದರು ಎಂದೂ ಕೇಳಿ. ಮೆಕ್ಸಿಕೊದ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಕೂಡಲೇ ಸರಿಯಾಗಿ ಕೇಳದೆಯೇ ಹಾಕಿಬಿಟ್ಟ ಪ್ರಕರಣಗಳು ದಾಖಲಾಗಿವೆ.

ಇದು ನಮ್ಮನ್ನು ಹಳೆಯ ಗಾಯಕ್ಕೆ ತರುತ್ತದೆ. ನಿಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಾರರು. ಅಮೆರಿಕದ ಆಳ್ವಿಕೆಯಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ 1937ರ ಕಾನೂನಿನ ನಂತರ ಸಂತಾನಹರಣದ ಆಪರೇಷನ್ ಎಷ್ಟು ಹಬ್ಬಿತೆಂದರೆ 1960ರ ದಶಕದ ಮಧ್ಯಕ್ಕೆ ಮಕ್ಕಳಿದ್ದ ಹೆಂಗಸರಲ್ಲಿ ಸುಮಾರು ಮೂರನೇ ಒಂದು ಪಾಲು ಮಂದಿಗೆ ಆಗಿತ್ತು. ಗರ್ಭನಿರೋಧಕ ಮಾತ್ರೆಯ ದೊಡ್ಡ ಪ್ರಯೋಗ 1956ರಲ್ಲಿ ಶುರುವಾದದ್ದೂ ಅದೇ ದ್ವೀಪದ ರಿಯೊ ಪಿಯೆದ್ರಾಸ್‌ನ ಬಡವರ ವಸತಿಯಲ್ಲಿ, ಇಂದಿನ ಮಾತ್ರೆಗಿಂತ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ. ಅಡ್ಡಪರಿಣಾಮ ವಿಪರೀತ ಎಂದು ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಮಾಡಿದರು, ಪ್ರಯೋಗ ಮುಂದುವರಿಯಿತು. ಲಾಸ್ ಏಂಜಲೀಸ್‌ನ ಕೌಂಟಿ ಆಸ್ಪತ್ರೆಯಲ್ಲಿ 1960ರ ದಶಕದ ಕೊನೆ, 70ರ ಮೊದಲ ವರ್ಷಗಳಲ್ಲಿ ಹೆರಿಗೆ ನೋವಿನಲ್ಲಿದ್ದ ಮೆಕ್ಸಿಕನ್ ಮೂಲದ ಹೆಂಗಸರಿಂದ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಟ್ಯೂಬ್ ಕಟ್ಟಲಾಯಿತು. ಹತ್ತು ಮಂದಿ 1975ರಲ್ಲಿ ಮೊಕದ್ದಮೆ ಹೂಡಿದರು. ಕ್ವಿಲಿಗನ್ ವಿರುದ್ಧದ ಮಾದ್ರಿಗಾಲ್ ಪ್ರಕರಣ ಎಂದು ಅದು ಪ್ರಸಿದ್ಧ. 1978ರಲ್ಲಿ ನ್ಯಾಯಾಧೀಶ ಜೆಸ್ಸಿ ಕರ್ಟಿಸ್ ತೀರ್ಪು ಕೊಟ್ಟದ್ದು ವೈದ್ಯರ ಪರ. ಕಾರಣ? ಆ ಹೆಂಗಸರು ಪಟ್ಟ ಸಂಕಟ ಅವರ ಸಾಂಸ್ಕೃತಿಕ ಹಿನ್ನೆಲೆಯದು, ವೈದ್ಯರು ಅದನ್ನು ಊಹಿಸಬೇಕಿರಲಿಲ್ಲ ಎಂದು! ನಿಮ್ಮ ಸಹೋದ್ಯೋಗಿಗಳ ಮಾತಿಗೆ ನಾನು ಏಕೆ ಬೆಚ್ಚುತ್ತೇನೆ ಎಂಬುದು ಈಗ ಗೊತ್ತಾಯಿತಲ್ಲ. ಆ ಹೆಂಗಸರು ಕೇಸು ಸೋತರು, ಆದರೆ ಅವರ ಹೋರಾಟದಿಂದಲೂ, ಪೋರ್ಟೊ ರಿಕೊ ಮೂಲದ ಮಕ್ಕಳ ವೈದ್ಯೆ ಹೆಲೆನ್ ರೊದ್ರಿಗೆಸ್ ತ್ರಿಯಾಸ್ ಅವರಂಥವರ ಒತ್ತಡದಿಂದಲೂ, ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಆಪರೇಷನ್‌ಗೆ 30 ದಿನ ಕಾಯುವ ನಿಯಮ, ಕನಿಷ್ಠ 21 ವರ್ಷ, ಅರ್ಥವಾಗುವ ಭಾಷೆಯಲ್ಲೇ ವಿವರಣೆ, ಇವೆಲ್ಲ ಬಂದವು. ಲಾಸ್ ಏಂಜಲೀಸ್ ಕೌಂಟಿ ಕ್ಷಮೆ ಕೇಳಿದ್ದು 2018ರಲ್ಲಿ. ಆ ಹೆಂಗಸರು ಮೊಕದ್ದಮೆ ನಡೆಸುತ್ತಿದ್ದ ಕಾಲಕ್ಕೇ ನಮ್ಮಲ್ಲಿ ತುರ್ತುಪರಿಸ್ಥಿತಿಯ ಆಪರೇಷನ್ ಶಿಬಿರಗಳು ನಡೆದದ್ದನ್ನು ನೆನೆದರೆ, ಇಂಥದ್ದನ್ನು ಅಜ್ಜಿ ಮೊಮ್ಮಗಳಿಗೆ ಹೇಗೆ ದಾಟಿಸುತ್ತಾಳೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಬಾಣಂತಿಗೆ ದೀರ್ಘಕಾಲದ ಗರ್ಭನಿರೋಧಕವನ್ನು ಒತ್ತಾಯದ ದನಿಯಲ್ಲಿ ಎಂದೂ ಹೇಳಬೇಡಿ. ‘ಬೇಡವೆಂದಾಗ ತೆಗೆಸಬಹುದು, ತೆಗೆಯಲು ನಾವೇ ಇದ್ದೇವೆ’ ಎಂಬ ಮಾತು ಮೊದಲು ಬರಲಿ.

ಈಗ ಬಾಗಿಲಿನ ವಿಷಯ. ಟೆಕ್ಸಸ್‌ನಷ್ಟು ವಿಮೆಯಿಲ್ಲದವರ ಪ್ರಮಾಣ ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಲ್ಲ. ಬಡವರಿಗೆ ಸರ್ಕಾರ ಕೊಡುವ ವಿಮೆಯಾದ ಮೆಡಿಕೇಡ್‌ನ ವಿಸ್ತರಣೆಯನ್ನು ಅದು ಒಪ್ಪಿಕೊಂಡಿಲ್ಲ. ವಲಸೆಯ ಕಾಗದಪತ್ರವಿಲ್ಲದವರಿಗೆ ಸಾಮಾನ್ಯ ಮೆಡಿಕೇಡ್ ಇಲ್ಲ, 2010ರ ಆರೋಗ್ಯ ಕಾನೂನಿನ ವಿಮಾ ಮಾರುಕಟ್ಟೆಯೂ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ 1996ರ ಕಾನೂನಿನಂತೆ ಬಹುಪಾಲು ವಯಸ್ಕರು ಮೆಡಿಕೇಡ್‌ಗೆ ಐದು ವರ್ಷ ಕಾಯಬೇಕು. ಅದರ ಮೇಲೆ 2011ರಲ್ಲಿ ಟೆಕ್ಸಸ್ ಶಾಸನಸಭೆ ಕುಟುಂಬ ಯೋಜನೆಯ ಹಣವನ್ನು ಸುಮಾರು 11.1 ಕೋಟಿ ಡಾಲರ್‌ನಿಂದ 3.8 ಕೋಟಿಗೆ ಇಳಿಸಿತು. 80ಕ್ಕೂ ಹೆಚ್ಚು ಚಿಕಿತ್ಸಾಲಯಗಳು ಮುಚ್ಚಿದವು. ಮೆಕ್ಸಿಕೊ ಗಡಿಗೆ ಅಂಟಿದ ರಿಯೊ ಗ್ರಾಂಡೆ ಕಣಿವೆಯ ಮೆಕ್ಯಾಲನ್, ಬ್ರೌನ್ಸ್‌ವಿಲ್ ಸುತ್ತಿನವರಿಗೆ ಪೆಟ್ಟು ಬಿದ್ದದ್ದು ಹೆಚ್ಚು. ಅಲ್ಲಿನವರ ಕಷ್ಟ ಹೇಗಿದೆ ನೋಡಿ: ದಕ್ಷಿಣಕ್ಕೆ ಸೇತುವೆ ದಾಟಿದರೆ ನ್ವೆವೊ ಪ್ರೊಗ್ರೆಸೊದಲ್ಲಿ ಅಗ್ಗದ ಮಾತ್ರೆ ಇದೆ, ಆದರೆ ಕಾಗದವಿಲ್ಲದವಳು ದಾಟಿದರೆ ಮರಳಿ ಬರಲಾಗದು. ಉತ್ತರಕ್ಕೆ ಸ್ಯಾನ್ ಆಂಟೋನಿಯೊದ ದೊಡ್ಡ ಆಸ್ಪತ್ರೆ ಇದೆ, ಆದರೆ ದಾರಿಯಲ್ಲಿ ಫಾಲ್ಫೂರಿಯಸ್‌ನ ವಲಸೆ ತಪಾಸಣಾ ಠಾಣೆ ಇದೆ. ಪ್ಯಾಪ್ ಪರೀಕ್ಷೆಯಲ್ಲಿ ಏನಾದರೂ ಕಂಡರೆ ಮುಂದಿನ ಚಿಕಿತ್ಸೆಗೆ ಹೋಗುವುದೆಲ್ಲಿಗೆ? ಫಲಿತಾಂಶ ತಿಳಿದೂ ಏನೂ ಮಾಡಲಾಗದಿದ್ದರೆ ಪರೀಕ್ಷೆಯೇ ಬೇಡ ಎಂದು ಒಬ್ಬಳು ತೀರ್ಮಾನಿಸಿದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ.

ನೀವಿರುವುದು ಗಡಿಯಿಂದ ದೂರವೇ ಇರಬಹುದು, ಆದರೆ ಭಯಕ್ಕೆ ದೂರವಿಲ್ಲ. 2024ರ ನವೆಂಬರ್‌ನಿಂದ ಟೆಕ್ಸಸ್‌ನ ಆಸ್ಪತ್ರೆಗಳು ರಾಜ್ಯಪಾಲರ ಆದೇಶದಂತೆ ರೋಗಿಯ ವಲಸೆ ಸ್ಥಿತಿಯನ್ನು ಕೇಳುತ್ತವೆ. ರೋಗಿ ಉತ್ತರಿಸಲೇಬೇಕೆಂದಿಲ್ಲ. ಉತ್ತರದಿಂದ ಚಿಕಿತ್ಸೆಗೆ ತೊಂದರೆಯಿಲ್ಲ ಎಂದು ತಿಳಿಸಬೇಕೆಂಬುದೂ ಆ ಆದೇಶದಲ್ಲೇ ಇದೆ. ಮೊದಲರ್ಧ ಎಲ್ಲರ ಕಿವಿಗೂ ಬಿತ್ತು, ಉಳಿದರ್ಧ ಬೀಳಲಿಲ್ಲ. 2025ರ ಜನವರಿಯಲ್ಲಿ ಆಸ್ಪತ್ರೆ, ಶಾಲೆ, ಚರ್ಚುಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಇದ್ದ ಹಳೆಯ ನಿರ್ಬಂಧವನ್ನು ತೆಗೆದರು. ಅದೇ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ನಿಮ್ಮಂಥ ಸಮುದಾಯ ಕೇಂದ್ರಗಳ ಸೇವೆಯನ್ನೂ ಕಾಗದವಿಲ್ಲದವರಿಗೆ ಸಲ್ಲದ ಸೌಲಭ್ಯಗಳ ಪಟ್ಟಿಗೆ ಸೇರಿಸುವ ಪ್ರಕಟಣೆ ಹೊರಡಿಸಿತು. ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು, ಟೆಕ್ಸಸ್ ಅವುಗಳಲ್ಲಿಲ್ಲ. ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ ತರಗತಿಯೇ ಅಲ್ಲ. ನಿಮ್ಮ ಕೇಂದ್ರದ ಈಗಿನ ನಿಯಮವೇನು, ಏನು ಕೇಳುತ್ತೀರಿ, ಏನು ಬರೆದಿಡುತ್ತೀರಿ, ಯಾರಿಗೆ ಕೊಡುವುದಿಲ್ಲ ಎಂಬುದನ್ನು ಆಡಳಿತದಿಂದ ಬರವಣಿಗೆಯಲ್ಲಿ ಪಡೆಯಿರಿ. ಫೋನ್ ಎತ್ತುವವರಿಂದ ಹಿಡಿದು ಲ್ಯಾಬಿನವರ ತನಕ ಎಲ್ಲರೂ ಒಂದೇ ಉತ್ತರ ಕೊಡುವಂತಾಗಲಿ. ಗೊತ್ತಿಲ್ಲದ್ದಕ್ಕೆ ಧೈರ್ಯ ಹೇಳಬೇಡಿ. ಒಮ್ಮೆ ಸುಳ್ಳಾದರೆ ಇಡೀ ಬೀದಿ ಬರುವುದನ್ನು ನಿಲ್ಲಿಸುತ್ತದೆ.

ಯೋಜನೆಗಳ ಹೆಸರಿನ ಗೊಂದಲವನ್ನೂ ಬಿಡಿಸಿಟ್ಟುಕೊಳ್ಳಿ. ‘ಹೆಲ್ದಿ ಟೆಕ್ಸಸ್ ವಿಮೆನ್’ ಯೋಜನೆಗೆ ಪೌರತ್ವ ಅಥವಾ ಅರ್ಹ ವಲಸೆ ಸ್ಥಿತಿ ಬೇಕು. ರಾಜ್ಯದ ‘ಫ್ಯಾಮಿಲಿ ಪ್ಲಾನಿಂಗ್ ಪ್ರೋಗ್ರಾಂ’ ನೋಡುವುದು ಆದಾಯ ಮತ್ತು ಟೆಕ್ಸಸ್ ವಾಸ, ಪೌರತ್ವವನ್ನಲ್ಲ, ಗಂಡಸರಿಗೂ ಅದು ತೆರೆದಿದೆ. ಮೊದಲನೆಯದರಲ್ಲಿ ಅರ್ಜಿ ತಿರಸ್ಕೃತವಾದವಳು ಎಲ್ಲವೂ ಮುಗಿಯಿತೆಂದು ಮನೆಗೆ ಹೋಗುತ್ತಾಳೆ. ಬಸುರಿಯರಿಗೆ ‘ಚಿಪ್ ಪೆರಿನೇಟಲ್’ ಇದೆ, ಅಲ್ಲಿ ತಾಯಿಯ ವಲಸೆ ಸ್ಥಿತಿ ಅಡ್ಡಬರುವುದಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಹುಟ್ಟುವ ಮಗುವಿಗೆ ತಗಲುವ ಸಿಫಿಲಿಸ್ ಅಮೆರಿಕದಲ್ಲಿ 2012ರಲ್ಲಿ 300 ಚಿಲ್ಲರೆ ಪ್ರಕರಣ ಇದ್ದದ್ದು 2022ರಲ್ಲಿ 3,700 ದಾಟಿತು. ಟೆಕ್ಸಸ್ ಕಾನೂನು ಬಸಿರಿನಲ್ಲಿ ಎರಡು ಸಲ, ಹೆರಿಗೆಯಲ್ಲಿ ಒಂದು ಸಲ ಪರೀಕ್ಷೆ ಮಾಡಬೇಕೆನ್ನುತ್ತದೆ. ಪರೀಕ್ಷೆ ಅಗ್ಗ, ಮದ್ದು ಹಳೆಯ ಪೆನ್ಸಿಲಿನ್. ತಾಯಿ ಬಾಗಿಲು ದಾಟಿ ಒಳಗೆ ಬಂದರೆ ಸಾಕು.

ಹುಡುಗಿಯರು ಬಸಿರಾದ ಮೇಲೆಯೇ ಏಕೆ ಬರುತ್ತಾರೆ ಎಂದಿರಿ. ಟೆಕ್ಸಸ್‌ನಲ್ಲಿ 18 ತುಂಬದವಳಿಗೆ ಗರ್ಭನಿರೋಧಕ ಬರೆದುಕೊಡಲು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. 1970ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕುಟುಂಬ ಯೋಜನೆಯ ‘ಟೈಟಲ್ ಟೆನ್’ ಹಣ ಪಡೆಯುವ ಚಿಕಿತ್ಸಾಲಯಗಳು ಇದಕ್ಕೆ ಹೊರತಾಗಿದ್ದವು. 2022ರ ಡಿಸೆಂಬರ್‌ನ ಒಂದು ತೀರ್ಪು ಆ ಕಿಟಕಿಯನ್ನೂ ಮುಚ್ಚಿತು, 2024ರ ಮಾರ್ಚ್‌ನಲ್ಲಿ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದರ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಅಂದರೆ ಹದಿನಾರರ ಹುಡುಗಿ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕಿನ ಪರೀಕ್ಷೆಗೆ ತಾನೇ ಒಪ್ಪಿಗೆ ಕೊಡಬಹುದು, ಮಾತ್ರೆಗೆ ಕೊಡಲಾಗದು. ಪರೀಕ್ಷೆಯ ವಿಷಯವನ್ನೂ ವೈದ್ಯರು ಇಚ್ಛೆಪಟ್ಟರೆ ಪೋಷಕರಿಗೆ ಹೇಳಲು ಟೆಕ್ಸಸ್ ಕಾನೂನು ಬಿಡುತ್ತದೆ. ನಿಮ್ಮ ವೈದ್ಯರು ಏನು ಮಾಡುತ್ತಾರೆ ಎಂದು ಮೊದಲೇ ತಿಳಿದುಕೊಂಡು ಹುಡುಗಿಗೆ ನಿಜ ಹೇಳಿ. ಕಾಂಡೋಮ್‌ಗೆ ಯಾರ ಒಪ್ಪಿಗೆಯೂ ಬೇಡ. ಓಪಿಲ್ ಎಂಬ ದಿನದ ಮಾತ್ರೆ 2024ರಿಂದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದೆ, ವಯಸ್ಸಿನ ಮಿತಿಯೂ ಇಲ್ಲ. ಆದರೆ ತಿಂಗಳಿಗೆ ಸುಮಾರು 20 ಡಾಲರ್. ಬಸಿರಾದ ಮೇಲೆ ಟೆಕ್ಸಸ್‌ನಲ್ಲಿ ಗರ್ಭಪಾತದ ದಾರಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿದೆ ಎಂಬುದು ನಿಮಗೆ ಗೊತ್ತೇ ಇದೆ.

ಶಾಲೆ ಹೇಳಿಕೊಡುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಟೆಕ್ಸಸ್ ತನ್ನ ಆರೋಗ್ಯ ಪಠ್ಯದ ಮಾನದಂಡವನ್ನು 1997ರ ನಂತರ ಬದಲಿಸಿದ್ದು 2020ರಲ್ಲಿ. ಆಗಲೇ 7–8ನೇ ತರಗತಿಗೆ ಗರ್ಭನಿರೋಧಕದ ವಿಷಯ ಬಂತು. ಮರುವರ್ಷವೇ ಪೋಷಕರು ಬರೆದು ಒಪ್ಪಿದರೆ ಮಾತ್ರ ಪಾಠ ಎಂಬ ಕಾನೂನು ಬಂತು. ಎರಡು ಪಾಳಿ ದುಡಿಯುವ ತಾಯಿಯ ಮನೆಯಲ್ಲಿ ಆ ಕಾಗದ ಚೀಲದ ತಳದಲ್ಲೇ ಉಳಿದರೆ ಮಗು ಪಾಠದ ಹೊರಗೆ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಇದಕ್ಕೆ ತದ್ವಿರುದ್ಧ: ಬೇಡವೆಂದವರು ಬರೆದುಕೊಡಬೇಕು, ಉಳಿದವರೆಲ್ಲರಿಗೂ ಪಾಠ ಇದೆ. ತಾಯಂದಿರು ಒಂದೇ ಬಗೆಯವರು, ಕಾಗದ ಬೇರೆ. (ನಾವು ಬೀಗಬೇಕಿಲ್ಲ, 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.)

ಇಷ್ಟೆಲ್ಲ ಹೇಳಿದ ಮೇಲೆ ನಾಚಿಕೆಗೂ ಅದರ ಪಾಲು ಕೊಡೋಣ. ಇದೆ. ಮಗಳು ಕನ್ಯೆಯಾಗಿಯೇ ಮದುವೆಯಾಗಬೇಕೆಂಬ ಹಂಬಲ ಇದೆ, ಆ ಮಾತೆತ್ತಿದರೆ ದಾರಿ ತೋರಿಸಿದಂತಾಗುತ್ತದೆ ಎಂಬ ಭಯ ಇದೆ. ಆದರೆ ಈ ತಾಯಂದಿರು ಮೌನವಾಗಿರುವುದು ಬಹಳ ಸಲ ಹೇಗೆ ಹೇಳಬೇಕೆಂದು ಗೊತ್ತಿಲ್ಲದ್ದಕ್ಕೆ, ಹೇಳಲು ಇಷ್ಟವಿಲ್ಲದ್ದಕ್ಕಲ್ಲ. ಫಿಲಡೆಲ್ಫಿಯಾದಲ್ಲಿ ಆಂಟೋನಿಯಾ ವಿಯರುಯೆಲ್ ಮತ್ತು ಸಂಗಡಿಗರು ಲ್ಯಾಟಿನೊ ಹದಿಹರೆಯದವರಿಗಾಗಿ ರೂಪಿಸಿದ ‘ಕ್ವಿದಾತೆ’ ಎಂಬ ಕಾರ್ಯಕ್ರಮ ಕುಟುಂಬದ ಮರ್ಯಾದೆ, ಒಬ್ಬರನ್ನೊಬ್ಬರು ಕಾಪಾಡುವ ಹೊಣೆ ಎಂಬಂಥ ಮೌಲ್ಯಗಳನ್ನೇ ಹಿಡಿದು ಕಾಂಡೋಮ್ ಬಳಕೆಯನ್ನು ಹೇಳಿಕೊಟ್ಟಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಮಕ್ಕಳಲ್ಲಿ ಅಪಾಯದ ಲೈಂಗಿಕ ನಡವಳಿಕೆ ಕಡಿಮೆಯಾಗಿತ್ತು. ಅವರ ಮೌಲ್ಯಗಳು ನಿಮಗೆ ಎದುರಾಳಿಯಲ್ಲ.

ತರಗತಿಯನ್ನು ತಾಯಂದಿರಿಂದ ಶುರು ಮಾಡಿ, ಮಕ್ಕಳಿಂದಲ್ಲ. ನೀವೇ ಮುಂದೆ ನಿಂತು ಮಾತಾಡಬೇಡಿ. ಪ್ರೊಮೊತೋರಾ ಎನ್ನುವ ಸಮುದಾಯದ ಆರೋಗ್ಯ ಕಾರ್ಯಕರ್ತೆಯನ್ನು ಮುಂದಿಡಿ. ನಮ್ಮ ಆಶಾ ಕಾರ್ಯಕರ್ತೆಯ ಹಾಗೆ ಅವಳೂ ಅದೇ ಬೀದಿಯವಳು. ಇವರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಕಾನೂನನ್ನು ಟೆಕ್ಸಸ್ 1999ರಲ್ಲೇ ಮಾಡಿದೆ, ನಿಮ್ಮ ಊರಲ್ಲಿ ಹುಡುಕಿದರೆ ಸಿಗುತ್ತಾರೆ. ಚರ್ಚಿನ ಸಭಾಂಗಣ ಸಿಕ್ಕರೆ ಬಿಡಬೇಡಿ. ಸಂಜೆ ಏಳರ ನಂತರ ಇಡಿ, ಊಟ ಇರಲಿ, ಚಿಕ್ಕಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಲಿ. ಮೊದಲ ದಿನ ಕಾಂಡೋಮ್ ತೋರಿಸುವ ಆತುರ ಬೇಡ: ಮುಟ್ಟು, ಮುಟ್ಟು ನಿಲ್ಲುವ ಕಾಲ, ಬಿಳಿ ಹೋಗುವುದು, ಪ್ಯಾಪ್ ಎಂದರೇನು, ನೋಯುತ್ತದೆಯೇ. ತಮ್ಮ ದೇಹದ ಬಗ್ಗೆ ತಿಳಿದುಕೊಂಡ ಹೆಂಗಸು ಮಗಳಿಗೆ ಹೇಳುವುದು ಸಲೀಸು. ಮುಂದಿನ ಸಲ ಮಗಳ ಪ್ರಶ್ನೆಗೆ ಉತ್ತರಿಸುವುದನ್ನು ಜೋಡಿಗಳಾಗಿ ಆಡಿಸಿ. ನಗು ಬರುತ್ತದೆ, ಬರಲಿ.

ದುಭಾಷಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಹನ್ನೆರಡರ ಮಗಳು ಅಮ್ಮನ ಸೋಂಕಿನ ಬಗ್ಗೆ ಡಾಕ್ಟರಿಗೆ ಅನುವಾದಿಸಿ ಹೇಳುವ ದೃಶ್ಯ ಇಲ್ಲಿ ಸಾಮಾನ್ಯ. ಕೇಂದ್ರ ಸರ್ಕಾರದ ನಿಯಮದಂತೆ ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ. ‘ಇನ್ನು ಬೇರೆ ಯಾರ ಜೊತೆಗಾದರೂ ಸಂಬಂಧ ಇದೆಯೇ’ ಎಂಬ ಪ್ರಶ್ನೆಯನ್ನು ಮಗಳ ಬಾಯಿಂದ ಕೇಳಿಸಿದರೆ ಬರುವ ಉತ್ತರ ಒಂದೇ. ಗಂಡನೂ ಬೇಡ. ನಿಮ್ಮದೇ ಸಿಬ್ಬಂದಿ ಆ ಬಡಾವಣೆಯವರಾಗಿದ್ದರೆ ಅದೂ ತೊಡಕೇ: ಮಗಳ ಜ್ಞಾನಸ್ನಾನಕ್ಕೆ ಬಂದವಳೇ ಕೌಂಟರಿನಲ್ಲಿ ಕೂತಿದ್ದರೆ ಯಾರು ಬಾಯಿ ಬಿಡುತ್ತಾರೆ? ಫೋನಿನ ದುಭಾಷಿ ಆಗ ಒಳ್ಳೆಯದು, ಮುಖ ಕಾಣದವರು.

ಗಂಡಸರ ಬಗ್ಗೆ ಒಂದು ಮಾತು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಅಮೆರಿಕದ ಜನಸಂಖ್ಯೆಯಲ್ಲಿ ಹಿಸ್ಪಾನಿಕರು ಐದರಲ್ಲಿ ಒಂದು ಪಾಲಿನಷ್ಟು. 2022ರ ಅಂದಾಜಿನ ಹೊಸ ಎಚ್‌ಐವಿ ಸೋಂಕುಗಳಲ್ಲಿ ಅವರ ಪಾಲು ಮೂರರಲ್ಲಿ ಒಂದು. ಹೆಚ್ಚಿನವರು ಗಂಡಸರೊಂದಿಗೆ ಸಂಬಂಧವಿರುವ ಗಂಡಸರು, ಅದರಲ್ಲಿ ಮದುವೆಯಾದವರೂ ಇರುತ್ತಾರೆ. ಸೋಂಕು ತಡೆಯುವ ಪ್ರೆಪ್ ಮಾತ್ರೆ 2012ರಿಂದ ಇದೆ, ಬೇಕಾದ ಹಿಸ್ಪಾನಿಕರಲ್ಲಿ ಸುಮಾರು ಕಾಲುಭಾಗಕ್ಕೆ ಮಾತ್ರ ತಲುಪಿದೆ. ‘ನೀವು ಸಲಿಂಗಿಯೇ’ ಎಂದು ಕೇಳಬೇಡಿ, ಇಲ್ಲ ಎನ್ನುತ್ತಾರೆ. 13ರಿಂದ 64 ವರ್ಷದ ಎಲ್ಲರಿಗೂ ಒಮ್ಮೆಯಾದರೂ ಎಚ್‌ಐವಿ ಪರೀಕ್ಷೆ ಎಂಬುದು 2006ರಿಂದಲೇ ಇರುವ ರಾಷ್ಟ್ರೀಯ ಶಿಫಾರಸು. ಸಕ್ಕರೆ, ಬಿಪಿ ನೋಡುವ ದಿನವೇ ‘ಎಲ್ಲರಿಗೂ ಮಾಡುತ್ತೇವೆ’ ಎಂದು ಇದನ್ನೂ ಮಾಡಿ. ಗಂಡಸರು ನಿಮ್ಮ ಕೇಂದ್ರಕ್ಕೆ ಬರದಿರುವುದಕ್ಕೆ ಕೇಂದ್ರದ ವೇಳೆಯೂ ಕಾರಣ. ಕಟ್ಟಡ ಕೆಲಸ, ತೋಟದ ಕೆಲಸದವರು ಹಗಲು ಬಂದರೆ ಆ ದಿನದ ಕೂಲಿ ಹೋಯಿತು. ತಿಂಗಳಿಗೆ ಒಂದೆರಡು ಶನಿವಾರವಾದರೂ ತೆರೆಯಲು ಕೇಳಿ ನೋಡಿ.

ತಾಯಂದಿರ ಪ್ಯಾಪ್‌ಗೆ ಮಾತ್ರ ನಿಮ್ಮ ಕೈಯಲ್ಲೇ ಒಂದು ಒಳ್ಳೆಯ ಅವಕಾಶ ಇದೆ. ಟೆಕ್ಸಸ್‌ನಲ್ಲಿ 7ನೇ ತರಗತಿಗೆ ಸೇರಲು ಎರಡು ಲಸಿಕೆ ಕಡ್ಡಾಯ, ಆದ್ದರಿಂದ ಆಗಸ್ಟ್ ಬಂತೆಂದರೆ ನಿಮ್ಮಲ್ಲಿ ಸಾಲು ನಿಲ್ಲುತ್ತದೆ. ಮಗುವಿಗೆ ಎಚ್‌ಪಿವಿ ಡೋಸ್ ಅದೇ ದಿನ ಕೊಡಿ. ಹಾಗೆಯೇ ಜೊತೆಗೆ ಬಂದ ತಾಯಿಯನ್ನು ಕೇಳಿ: ‘ಇದೇ ವೈರಾಣುವಿಗೆ ನಿಮ್ಮ ಪರೀಕ್ಷೆ ಯಾವಾಗ ಆಗಿತ್ತು?’ ಒಳಪರೀಕ್ಷೆಗೆ ಹಿಂಜರಿದರೆ, ಕೇಂದ್ರದಲ್ಲೇ ತಾನೇ ಮಾದರಿ ತೆಗೆದುಕೊಳ್ಳುವ ವಿಧಾನಕ್ಕೆ 2024ರಲ್ಲಿ ಅನುಮತಿ ಸಿಕ್ಕಿದೆ, ನಿಮ್ಮ ಲ್ಯಾಬು ಅದನ್ನು ತೆಗೆದುಕೊಳ್ಳುತ್ತದೆಯೇ ಎಂದು ಈಗಲೇ ವಿಚಾರಿಸಿ. ದಿನ ಗೊತ್ತುಮಾಡುವ ಮೊದಲು, ಫಲಿತಾಂಶ ಸರಿಯಿಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಖರ್ಚು ಯಾವ ಯೋಜನೆಯದು ಎಂಬುದನ್ನು ಒಂದು ಹಾಳೆಯಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆಸಿ ಕೈಗೆ ಕೊಡಿ.